ಕಚ್ಚಾ ಹೊಲಿಗೆಯ ಕಂಪ್ಯೂಟರ್

ಹಾವೇರಿಯ ನಮ್ಮ ಟೇಲರಿಂಗ್ ಅಂಗಡಿಯ ಒಳಗೋಡೆಯ ಮೇಲೆ, ಅಳತೆ ಕೊಡಲು ನಿಂತ ಗಿರಾಕಿಯ ಕಣ್ಣಿಗೆ ನೇರವಾಗಿ ಬೀಳುವಂತೆ, ಒಂದು ಬೋರ್ಡು ಇದೆ. ‘ರೆಡಿಮೇಡ್ ಯಾರದೋ ಅಳತೆ, ಹೊಲಿಸಿದ್ದು ನಿಮ್ಮ ಅಳತೆ’ ಎಂದು ಅದರ ಮೇಲೆ ಬರೆದಿದೆ. ನಮ್ಮ ರಸ್ತೆಗೆ ಮೊದಲ ರೆಡಿಮೇಡ್ ಬಟ್ಟೆ ಅಂಗಡಿ ಬಂದ ವಾರ, ಊಟ ಸೇರದೆ ಕೂತು ಯೋಚಿಸಿ ನಾನೇ ಬರೆಸಿದ ಮಾತು ಅದು. ಅಂಗಡಿ ಮುಚ್ಚಿಹೋಗುತ್ತದೆ, ಕತ್ತರಿ ತುಕ್ಕು ಹಿಡಿಯುತ್ತದೆ, ಮಗಳ ಫೀಸಿಗೆ ಏನು ಮಾಡುವುದು ಎಂದೆಲ್ಲ ಆಗ ಲೆಕ್ಕ ಹಾಕಿದ್ದೆ. ಏನೂ ಆಗಲಿಲ್ಲ. ರೆಡಿಮೇಡ್ ಪ್ಯಾಂಟು ಕೊಂಡವರೆಲ್ಲ ಅದರ ಉದ್ದ ಕಡಿಮೆ ಮಾಡಿಸಲು ನಮ್ಮ ಅಂಗಡಿಗೇ ಬರತೊಡಗಿದರು. ಆದರೂ ಚಿಂತೆ ಮಾಡಿದ್ದು ದಂಡವಾಯಿತು ಎಂದು ನನಗೆ ಯಾವತ್ತೂ ಅನಿಸಿಲ್ಲ. ಚಿಂತೆ ಮಾಡಿದ್ದಕ್ಕೇ ಏನೂ ಆಗಲಿಲ್ಲ ಎಂಬುದು ನನ್ನ ನಂಬಿಕೆ.

ಇಂಥ ಬೋರ್ಡಿನ ಕೆಳಗೇ ನಿಂತು ನಾನು ಇಡೀ ಒಂದು ಬೇಸಿಗೆ ರೆಡಿಮೇಡ್ ಕಂಪ್ಯೂಟರಿನ ಪರವಾಗಿ ವಾದ ಮಾಡಿದೆ.

ಕಂಪ್ಯೂಟರ್ ಬೇಕಾಗಿದ್ದು ಮಗಳಿಗೆ. ಅವಳು ಇಲ್ಲೇ ಹಾವೇರಿಯಲ್ಲಿ ಡಿಗ್ರಿ ಓದುತ್ತಾಳೆ. ಓದಿಗೆ ಬೇಕು ಎಂದು ಸುಳ್ಳು ಹೇಳುವ ಜಾಯಮಾನ ಅವಳದಲ್ಲ. ‘ಆಟ ಆಡಾಕ ಬೇಕು ಪಪ್ಪಾ’ ಎಂದು ನೇರವಾಗಿಯೇ ಹೇಳಿದ್ದಳು. ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಆಟ ಶುರು ಮಾಡಿದರೆ ಅದು ಹತ್ತು ನಿಮಿಷದಲ್ಲಿ ಇಸ್ತ್ರಿ ಪೆಟ್ಟಿಗೆಯಂತೆ ಕಾಯುತ್ತಿತ್ತು. ಪಕ್ಕದಲ್ಲಿ ಅಂಗಿಗೆ ಗುಂಡಿಯ ಕಾಜಾ ಹಾಕುತ್ತ ಕೂತ ನನ್ನ ಹೆಂಡತಿ, ‘ಅದರ ಮ್ಯಾಲ ಒಂದ್ ಅಂಗಿ ಹಾಸಿಬಿಡವಾ, ಕರೆಂಟರ ಉಳೀತೈತಿ’ ಎನ್ನುತ್ತಿದ್ದಳು. ಪಿಯುಸಿ ಪಾಸಾದ ದಿನ ಪೇಢೆ ತಿನ್ನಿಸುವ ಉಮೇದಿಯಲ್ಲಿ, ಆಟದ ಕಂಪ್ಯೂಟರ್ ಕೊಡಿಸುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಆಮೇಲೆ ಎರಡು ವರ್ಷ ಯಾವುದು ಒಳ್ಳೆಯದು ಎಂದು ವಿಚಾರಿಸುತ್ತಲೇ ಇದ್ದೆ. ವಿಚಾರಿಸುವುದರಲ್ಲಿ ನನ್ನಷ್ಟು ದುಡಿದವರು ಹಾವೇರಿಯಲ್ಲಿ ಇರಲಿಕ್ಕಿಲ್ಲ.

ಈ ಬೇಸಿಗೆಯಲ್ಲಿ ಅವಳು ಹೊಸ ವರಸೆ ತೆಗೆದಳು.

‘ಪಪ್ಪಾ, ರೆಡಿ ಇದ್ದದ್ದು ಬ್ಯಾಡ. ಬಿಡಿ ಸಾಮಾನ ತರೂಣು. ನಾನ ಜೋಡಸ್ತೇನಿ.’

ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು. ‘ನೀನಾ?’

‘ಹೂಂ, ನಾನ. ವಿಡಿಯೋ ನೋಡೇನಿ.’

‘ವಿಡಿಯೋ ನೋಡಿ ಯಾರರ ಕೋಟು ಹೊಲದಾರೇನು?’

‘ಹೊಲಿಯಾಕತ್ತಾರ ಪಪ್ಪಾ. ಅದಕ್ಕೂ ವಿಡಿಯೋ ಅದಾವು.’

ಇದು ನನಗೆ ಗೊತ್ತಿರಲಿಲ್ಲ. ಒಂದು ಹೊಸ ಚಿಂತೆ ಸೇರಿಕೊಂಡಿತು.

ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ನಾನು ಅಂಜಿಕೆಗಳ ಒಂದು ಪಟ್ಟಿ ಮಾಡಿದೆ. ಜೋಡಿಸುವಾಗ ಶಾಕ್ ಹೊಡೆದರೆ? ಜೋಡಿಸಿದ ಮೇಲೆ ಬೆಂಕಿ ಹತ್ತಿದರೆ? ಅಂಗಡಿಯ ಹಿಂದೆಯೇ ಮನೆ, ಅಂಗಡಿಯಲ್ಲಿರುವ ಬಟ್ಟೆಯೆಲ್ಲ ಮಂದಿಯದು. ಮದುವೆಯ ಬಟ್ಟೆ ಸುಟ್ಟರೆ ಮದುಮಗನಿಗೆ ಏನು ಹೇಳುವುದು? ಒಳಗೆ ಇಲಿ ಹೊಕ್ಕರೆ? ರೆಡಿಮೇಡ್ ಆದರೆ ವಾರಂಟಿ ಇರುತ್ತದೆ, ಕೆಟ್ಟರೆ ಒಬ್ಬನೇ ಒಬ್ಬನ ಕೊರಳಪಟ್ಟಿ ಹಿಡಿಯಬಹುದು. ಬಿಡಿ ಸಾಮಾನಾದರೆ ಯಾರ ಕೊರಳಪಟ್ಟಿ? ಪಟ್ಟಿಯನ್ನು ಓದಿದ ಹೆಂಡತಿ, ‘ಇಲಿ ಒಂದ ಚಿಂತಿ ಖರೇ ಐತಿ ನೋಡ್ರಿ, ಉಳದದ್ದು ಎಲ್ಲಾ ನಿಮ್ಮ ಹೊಟ್ಟ್ಯಾನ ಗ್ಯಾಸ್’ ಎಂದಳು.

ಮಗಳು ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಒದ್ದೆ ಅರಿವೆ ತಂದು ಆ ಬೋರ್ಡು ಒರೆಸಿದಳು. ವರ್ಷಗಟ್ಟಲೆ ಯಾರೂ ಮುಟ್ಟದ ಬೋರ್ಡು ಅದು. ಅಕ್ಷರ ಥಳಥಳ ಹೊಳೆದವು. ಅದರ ಮರುದಿನವೂ ಒರೆಸಿದಳು. ವಾರ ಪೂರ್ತಿ ಒರೆಸಿದಳು. ಏಳನೆಯ ದಿನ ಗಿರಾಕಿಯೊಬ್ಬರು ‘ಏನ್ ಮಾಸ್ತರ, ಬೋರ್ಡ್ ಹೊಸಾದು ಹಾಕ್ಸೀರಿ?’ ಎಂದು ಕೇಳಿದಾಗ ನಾನು ಸೋತೆ. ಪೂರ್ತಿ ಸೋಲಲಿಲ್ಲ, ನೋಡಿಕೊಂಡಾದರೂ ಬರೋಣ, ರಾಣೆಬೆನ್ನೂರಿಗೆ ಹೋಗೋಣ ಎಂದೆ.

ನನ್ನ ಭಯಕ್ಕೆ ಒಂದು ಸಾಕ್ಷಿಯೂ ಇತ್ತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಮಗಳು ಹನ್ನೆರಡು ವರ್ಷದವಳಿದ್ದಾಗ, ನಾನು ಊಟಕ್ಕೆ ಹೋದ ಹೊತ್ತಿನಲ್ಲಿ, ಹೊಲಿಗೆ ಮಶೀನಿನ ಮೋಟರನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದಳು. ಮೋಟರು ತಿರುಗಿತು. ಆದರೆ ಒಂದು ಸ್ಕ್ರೂ ಉಳಿಯಿತು. ಅದು ಎಲ್ಲಿಯದು ಎಂದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆ ಸ್ಕ್ರೂವನ್ನು ನಾನು ಖಾಲಿ ಗುಂಡಿ ಡಬ್ಬಿಯೊಂದರಲ್ಲಿ ಹಾಕಿ ಇಟ್ಟುಕೊಂಡೆ. ಅವಳು ಏನಾದರೂ ಬಿಚ್ಚುತ್ತೇನೆ ಎಂದಾಗಲೆಲ್ಲ ಆ ಡಬ್ಬಿಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದೆ. ಫ್ಯಾನು, ಮಿಕ್ಸರು, ಇಸ್ತ್ರಿ, ಯಾವುದರ ಮಾತು ಬಂದರೂ ಒಂದೇ ಸದ್ದು. ಸ್ಕ್ರೂ ಇಲ್ಲದ ಆ ಮೋಟರು ಅಂದಿನಿಂದ ಇಂದಿನವರೆಗೆ ಒಂದು ದಿನವೂ ನಿಂತಿಲ್ಲ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ರಾಣೆಬೆನ್ನೂರಿಗೆ ನಮ್ಮ ಜೊತೆ ಹೆಂಡತಿಯ ತಮ್ಮನೂ ಬಂದ. ಬ್ಯಾಡಗಿಯಲ್ಲಿ ಅವನದು ಮೆಣಸಿನಕಾಯಿಯ ದಲಾಲಿ ಅಂಗಡಿ. ಗಾಡಿ ಅವನದೇ, ಅದರಲ್ಲಿ ಕೂತರೆ ಮೊದಲು ಎರಡು ಸೀನು ಬರುತ್ತವೆ, ಆಮೇಲೆ ರೂಢಿಯಾಗುತ್ತದೆ. ಹೈವೇಯಲ್ಲಿ ಮೋಟೆಬೆನ್ನೂರು ದಾಟುವಾಗ ಅವನು ನನಗೆ ಧೈರ್ಯ ಹೇಳಿದ.

‘ಭಾವಾರ, ನೀವೇನೂ ಚಿಂತಿ ಮಾಡಬ್ಯಾಡ್ರಿ. ನಾ ನೋಡ್ತೇನಿ ಮಾಲು.’

‘ನಿನಗ ಕಂಪ್ಯೂಟರ್ ತಿಳೀತೈತೇನು?’

‘ಮಾಲು ಅಂದ ಮ್ಯಾಲ ಮಾಲ ಅಲ್ಲೇನ್ರಿ?’

ಕಂಪ್ಯೂಟರ್ ಅಂಗಡಿಯವರು ತಾಳ್ಮೆಯ ಮನುಷ್ಯರು. ನಮ್ಮನ್ನು ಕೂಡ್ರಿಸಿ ಚಹಾ ತರಿಸಿ, ರೆಡಿ ಇದ್ದ ಒಂದನ್ನು ಚಾಲೂ ಮಾಡಿದರು. ಒಂದು ಪಕ್ಕಕ್ಕೆ ಗಾಜು, ಒಳಗೆ ತಿರುಗುವ ಫ್ಯಾನುಗಳು, ಅವುಗಳ ಸುತ್ತ ಕೆಂಪು ನೀಲಿ ಹಸಿರು ದೀಪ. ಮದುವೆ ಮಂಟಪವನ್ನು ಒಂದು ಡಬ್ಬಿಯಲ್ಲಿ ತುಂಬಿದಂತಿತ್ತು. ನನ್ನ ಮನಸ್ಸು ಅಲ್ಲೇ ಕೂತುಬಿಟ್ಟಿತು. ಮನೆಗೆ ಒಯ್ದು ಸ್ವಿಚ್ ಹಾಕುವುದಷ್ಟೇ! ಒಬ್ಬ ಚಿಂತೆಗಾರನಿಗೆ ಇದಕ್ಕಿಂತ ದೊಡ್ಡ ಸುಖ ಬೇರೆ ಯಾವುದಿದೆ?

ಅಷ್ಟರಲ್ಲಿ ಹೆಂಡತಿಯ ತಮ್ಮ ಎದ್ದು ಬಂದು ಗಾಜಿನ ಮೇಲೆ ಬೆರಳಿನಿಂದ ಟಕಟಕ ಬಡಿದ.

‘ಇದನ್ನ ತಗೀರಿ. ಒಳಗ ಕೈ ಹಾಕಿ ನೋಡಬೇಕು.’

‘ಬರೂದಿಲ್ರಿ. ಸೀಲ್ ಒಡದ್ರ ವಾರಂಟಿ ಹೋಗ್ತೈತ್ರಿ.’

‘ಹೊಲಿದ ಚೀಲ ಹಂಗ ತಗೊಂಡ್ ಹೋಗ್ರಿ ಅಂತೀರಿ? ನಮ್ಮ ಬ್ಯಾಡಗಿ ಪ್ಯಾಟ್ಯಾಗ ಹಿಂಗ ಹೇಳಿದ್ರ ಗಿರಾಕಿ ಎದ್ದ ಹೋಗ್ತಾರ್ರಿ. ಮ್ಯಾಲ ಕೆಂಪನ್ನ ಕಾಯಿ ಇರ್ತಾವು, ಮೊಣಕೈ ಮಟ ಕೈ ಇಳಿಸಿದ್ರ ಕೆಳಗ ಬಿಳಿಗಾಯಿ ಸಿಗ್ತಾವು.’

‘ಇದರಾಗ ಕಾಯಿ ಇಲ್ರಿ ಯಜಮಾನ್ರ.’

‘ಅದನ್ನರ ಹೆಂಗ ನಂಬೂದ್ರಿ, ಕೈ ಹಾಕದ?’

ನಾನು ನಾಚಿಕೆಯಿಂದ ಚಹಾದ ಲೋಟದೊಳಗೆ ನೋಡುತ್ತ ಕೂತೆ. ಮಗಳು ಮಾತ್ರ ಮಾಮನ ಮಾತಿನಲ್ಲೇ ಹಾದಿ ಕಂಡುಕೊಂಡಳು. ಮೆತ್ತಗೆ ಕೇಳಿದಳು: ‘ಸರ್, ಇದರಾಗ ಪವರ್ ಸಪ್ಲೈ ಯಾವ ಕಂಪನೀದು ಹಾಕೀರಿ?’

ಪವರ್ ಸಪ್ಲೈ ಎಂದರೆ ಗೋಡೆಯ ಕರೆಂಟನ್ನು ಒಳಗಿನ ಸಾಮಾನುಗಳಿಗೆ ಹದ ಮಾಡಿ ಹಂಚುವ ಪೆಟ್ಟಿಗೆ. ಹೊರಗೆ ಕಾಣುವುದಿಲ್ಲ. ಅಂಗಡಿಯವರು ಗಾಜಿನ ಮೇಲಿನ ಬೆರಳಚ್ಚನ್ನು ಒರೆಸುತ್ತ ಹೇಳಿದರು: ‘ಛಲೋ ಕಂಪನೀದ ಐತಮ್ಮಾ.’

ನಾನು ತಲೆ ಎತ್ತಿದೆ. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಕೋಟು ಹೊಲಿಸುವವರು ‘ಒಳಗ ಅಸ್ತರ ಎಂಥಾದ್ದು ಹಾಕ್ತೀರಿ ಮಾಸ್ತರ?’ ಎಂದು ಕೇಳಿದಾಗ, ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ, ಅವರ ಮುಖ ನೋಡದೆ, ನಾನು ಹೇಳುವುದೂ ಇದನ್ನೇ: ‘ಛಲೋದ ಹಾಕ್ತೇನ್ರಿ.’ ಅದರ ಅರ್ಥ ಏನೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು? ಕೆಟ್ಟದ್ದು ಅಂತಲ್ಲ. ಕೇಳದಿದ್ದರೆ ವಾಸಿ ಅಂತ.

ನನ್ನ ಮುಖ ನೋಡಿ ಮಗಳಿಗೆ ತಿಳಿಯಿತು. ಹೆಬ್ಬೆರಳಿನಿಂದ ಗಾಳಿಯಲ್ಲಿ ಒಂದು ಬೋರ್ಡು ಒರೆಸಿದಳು ಅಷ್ಟೇ.

ಬಿಡಿ ಸಾಮಾನಿಗೆ ಒಪ್ಪಿದೆ. ಆದರೆ ಅಲ್ಲೇ ಅಂಗಡಿಯವರನ್ನೂ ಒಪ್ಪಿಸಿ ಕರಾರು ಹಾಕಿದೆ: ಜೋಡಿಸಿದ ದಿನ ಚಾಲೂ ಆಗದಿದ್ದರೆ ಎಲ್ಲವನ್ನೂ ತಿರುಗಿ ಇಲ್ಲಿಗೇ ತಂದು ಒಪ್ಪಿಸಿ ರೆಡಿ ಇದ್ದದ್ದನ್ನು ಒಯ್ಯುವುದು. ಆಮೇಲೆ ಈ ಜನ್ಮದಲ್ಲಿ ಅವಳು ನಮ್ಮ ಮನೆಯ ಯಾವ ಮಶೀನಿಗೂ ಸ್ಕ್ರೂಡ್ರೈವರ್ ಹಚ್ಚಬಾರದು.

‘ಜನ್ಮದಾಗ?’

‘ಜನ್ಮದಾಗ.’

‘ಚಾಲೂ ಆದ್ರ?’

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ‘ಆದ್ರ ಆಡು’ ಎಂದೆ.

‘ಆದ್ರ ಆ ಸ್ಕ್ರೂ ನನಗ ಕೊಡಬೇಕು’ ಎಂದಳು. ಅವಳು ನಗುತ್ತಿರಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಆ ಡಬ್ಬಿಯ ಸದ್ದು ಅವಳಿಗೆ ಎಷ್ಟು ಚುಚ್ಚಿತ್ತು ಎಂಬುದು ನನಗೆ ಮೊದಲ ಸಲ ಕಂಡಿತು. ಕಂಡರೂ ಕರಾರು ಬಿಡಲಿಲ್ಲ.

ಒಂದೊಂದಾಗಿ ಸಾಮಾನು ಕಟ್ಟಿಸಿದೆವು. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನಿಂದ ಹಿಡಿದು ಎಲ್ಲವನ್ನೂ ಅವಳೇ ಆರಿಸಿದಳು. ಎಲ್ಲವನ್ನೂ ಕೂಡ್ರಿಸುವ ಖಾಲಿ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್, ಅದೊಂದನ್ನು ಮಾತ್ರ ನಾನು ಆರಿಸುತ್ತೇನೆಂದು ಹಟ ಹಿಡಿದೆ. ಅಳತೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ. ಕಿಸೆಯಿಂದ ಟೇಪು ತೆಗೆದು ಎದೆ, ಸೊಂಟ, ಉದ್ದ ಎಲ್ಲ ನೋಡಿದೆ. ಶಾಲೆಯ ಯುನಿಫಾರ್ಮ್ ಹೊಲಿಯುವಾಗ ಬೆಳೆಯುವ ಮಕ್ಕಳು ಎಂದು ನಾವು ಎರಡು ಇಂಚು ಹೆಚ್ಚಿಗೆ ಇಡುತ್ತೇವೆ. ಅದೇ ಲೆಕ್ಕದಲ್ಲಿ, ಮಗಳು ಸಾಕೆಂದದ್ದಕ್ಕಿಂತ ಒಂದು ನಂಬರು ದೊಡ್ಡದನ್ನೇ ತೆಗೆಸಿದೆ.

‘ಪಪ್ಪಾ, ಕಂಪ್ಯೂಟರ್ ಬೆಳಿಯಂಗಿಲ್ಲ.’

‘ಇರ್ಲಿ ಬಿಡು, ಮೈಗೆ ಸಡಿಲ ಇರ್ಬೇಕು.’

ಅದು ಮನೆಯ ಮೇಜಿನ ಕೆಳಗೂ ಹಿಡಿಸಲಿಲ್ಲ, ಮೇಲೂ ಹಿಡಿಸಲಿಲ್ಲ. ಇಂದಿಗೂ ಅದು ಒಂದು ಇಸ್ತ್ರಿ ಸ್ಟೂಲಿನ ಮೇಲೆ ಪ್ರತ್ಯೇಕವಾಗಿ ಕೂತಿದೆ, ಬೀಗರಂತೆ.

ತಿರುಗಿ ಬರುವಾಗ ಹೆಂಡತಿಯ ತಮ್ಮ ಗಾಡಿಯನ್ನು ಕದರಮಂಡಲಗಿ ಕಡೆಗೆ ಹೊರಳಿಸಿದ. ಹೊಸ ಸಾಮಾನು ತಂದರೆ ಅಲ್ಲಿಯ ಆಂಜನೇಯನ ದರ್ಶನ ಆಗಲೇಬೇಕು. ನನಗಂತೂ ಬೇಕೇ ಬೇಕಾಗಿತ್ತು. ಪೆಟ್ಟಿಗೆಗಳನ್ನೆಲ್ಲ ಒಳಗೆ ಒಯ್ಯೋಣವೇ ಎಂದು ಕೇಳಿದೆ. ‘ಹನುಮಪ್ಪಗ ಗ್ರಾಫಿಕ್ಸ್ ಕಾರ್ಡ್ ತೋರಸ್ಬೇಕೇನು ಪಪ್ಪಾ? ಬಿಲ್ ತೋರ್ಸಿದ್ರ ಸಾಕಾಗಂಗಿಲ್ಲ?’ ಎಂದಳು ಮಗಳು. ನಾನು ಅವಳು ಕಾಣದಂತೆ ಬಿಲ್ಲನ್ನೂ ಹೂವಿನ ಜೊತೆ ತಟ್ಟೆಯಲ್ಲಿ ಇಟ್ಟೆ.

ಅಂಗಡಿಯ ರಜೆಯ ದಿನ, ಊಟವಾದ ಮೇಲೆ, ನಮ್ಮ ಕಟಿಂಗ್ ಟೇಬಲ್ಲಿನ ಮೇಲೆಯೇ ಕೆಲಸ ಶುರುವಾಯಿತು. ಮೊದಲು ಅವಳು ಟೇಬಲ್ಲಿನ ಮೇಲಿದ್ದ ಟೆರಿಕಾಟ್ ಬಟ್ಟೆಯನ್ನೆಲ್ಲ ತೆಗೆಸಿ ಹತ್ತಿಯ ಅರಿವೆ ಹಾಸಿಸಿದಳು. ಮೈಯೊಳಗೆ ಸೇರಿದ ಕರೆಂಟಿನ ಕಿಡಿ ತಗುಲಿದರೆ ಒಳಗಿನ ಸಾಮಾನು ಸುಡುತ್ತದಂತೆ. ಇದನ್ನು ನಾನು ಒಪ್ಪಿದೆ. ಚಳಿಗಾಲದಲ್ಲಿ ಟೆರಿಕಾಟ್ ಚಟಚಟ ಎನ್ನುವುದನ್ನು ಎಷ್ಟು ಸಲ ಕೇಳಿಲ್ಲ! ಆ ಕಿಡಿ ಇಳಿದುಹೋಗಲಿ ಎಂದು ಅವಳು ಎರಡು ನಿಮಿಷಕ್ಕೊಮ್ಮೆ ಹೋಗಿ ಕಬ್ಬಿಣದ ಶಟರನ್ನು ಮುಟ್ಟಿ ಬರುತ್ತಿದ್ದಳು.

‘ಯಾಕ, ಶಟರ್‌ಗೆ ಹರಕಿ ಹೊತ್ತಾಳೇನು?’ ಎಂದಳು ಹೆಂಡತಿ.

ಮಗಳ ಕೈಗಳನ್ನು ನಾನು ಆವತ್ತು ಸರಿಯಾಗಿ ನೋಡಿದೆ ಅನ್ನಬೇಕು. ಉಗುರಿನಷ್ಟಗಲದ ಸಾಮಾನನ್ನೂ ಅವಸರ ಮಾಡದೆ ಎತ್ತಿ, ತಿರುಗಿಸಿ ನೋಡಿ, ಇಡಬೇಕಾದಲ್ಲಿ ಇಟ್ಟು, ಒತ್ತುತ್ತಿದ್ದಳು. ನಾನೋ, ಅವಳ ಹೆಗಲ ಹಿಂದೆ ನಿಂತು ‘ಮೆತ್ತಗ, ಮೆತ್ತಗ’ ಎನ್ನುತ್ತಿದ್ದೆ. ನನ್ನ ಅಪ್ಪ ನನ್ನ ಹೆಗಲ ಹಿಂದೆ ಹೀಗೇ ನಿಲ್ಲುತ್ತಿದ್ದ. ಮೂವತ್ತೊಂದನೆಯ ವಯಸ್ಸಿನವರೆಗೆ ಅವನು ನನ್ನ ಕೈಗೆ ಕತ್ತರಿ ಕೊಡಲಿಲ್ಲ. ಹೊಲಿಯಲು ಹಚ್ಚಿದ, ಕತ್ತರಿಸುವುದು ತನ್ನದೇ ಎಂದ. ಕೊನೆಗೆ ಕಣ್ಣಿನ ಪೊರೆ ಆಪರೇಷನ್ ಆದಾಗ ಹದಿನೈದು ದಿನ ಕತ್ತರಿ ನನ್ನ ಪಾಲಿಗೆ ಬಂತು. ನನ್ನ ಮಕ್ಕಳಿಗೆ ಹೀಗೆ ಮಾಡುವುದಿಲ್ಲ ಎಂದು ಆಗ ಅಂದುಕೊಂಡಿದ್ದೆ. ಅಂದುಕೊಂಡಿದ್ದು ನೆನಪಿದೆ, ಮಾಡಿದ್ದು ಇದು.

‘ಪಪ್ಪಾ, ನಿನ್ನ ಉಸರು ಕುತ್ತಿಗಿಗೆ ಬಡಿಯಾಕತ್ತೈತಿ. ಬಾ ಇಲ್ಲಿ, ನಿನಗೂ ಒಂದ್ ಕೆಲಸ ಕೊಡ್ತೇನಿ.’

ಪವರ್ ಸಪ್ಲೈಯಿಂದ ಬರುವ ಒಂದು ವಾಯರನ್ನು ಕೈಗೆ ಕೊಟ್ಟಳು. ಅದರ ತುದಿಯನ್ನು ಎಲ್ಲ ಸಾಮಾನು ಕೂಡುವ ಮದರ್‌ಬೋರ್ಡಿನ ಮೇಲಿನ ಮೂಲೆಯಲ್ಲಿ, ಫ್ಯಾನಿನ ಹಿಂದಿನ ಇಕ್ಕಟ್ಟಿನಲ್ಲಿ, ಒತ್ತಿ ಕೂಡ್ರಿಸಬೇಕು. ಕಂಪ್ಯೂಟರಿನ ತಲೆಗೆ ಕರೆಂಟು ಹೋಗುವುದು ಅದರಿಂದಲೇ ಎಂದಳು. ಜಾಗ ನೋಡಿದರೆ ಥೇಟ್ ಅಂಗಿಯ ಕಂಕುಳಿದ್ದ ಹಾಗೆ. ಇಕ್ಕಟ್ಟಾದ ಕಂಕುಳಲ್ಲಿ ಕೈಯಾಡಿಸಿಯೇ ನನ್ನ ಆಯುಷ್ಯ ಸವೆದಿದೆ. ಬಹಳ ಹೆಮ್ಮೆಯಿಂದ ಬೆರಳು ಇಳಿಸಿದೆ.

ಅರ್ಧ ಹೋಯಿತು, ತಡೆಯಿತು. ಇನ್ನಷ್ಟು ಒತ್ತಿದರೆ ಬೋರ್ಡೇ ಬಾಗಿದಂತೆ ಅನಿಸಿತು. ಆಗ ನಲವತ್ತು ವರ್ಷದ ಕಸಬು ನನ್ನ ಕೈಹಿಡಿಯಿತು. ನಮ್ಮಲ್ಲಿ ಕೋಟಿನ ತೋಳನ್ನು ಮೊದಲ ಸಲಕ್ಕೇ ಬಿಗಿಯಾಗಿ ಹೊಲಿಯುವುದಿಲ್ಲ. ಬಿಳಿ ದಾರದಿಂದ ಉದ್ದುದ್ದ ಟಾಕು ಹಾಕಿ ಸಡಿಲವಾಗಿ ನಿಲ್ಲಿಸುತ್ತೇವೆ. ಅದು ಕಚ್ಚಾ ಹೊಲಿಗೆ. ಗಿರಾಕಿ ಬಂದು ತೊಟ್ಟು, ಕೈ ಎತ್ತಿ ಇಳಿಸಿ, ಟ್ರಯಲ್ ನೋಡಿದ ಮೇಲೆಯೇ ಮಶೀನು ಹೊಡೆಯುವುದು, ಬಿಳಿ ದಾರ ಕೀಳುವುದು. ಮೊದಲೇ ಪಕ್ಕಾ ಮಾಡಿದರೆ ಬಿಚ್ಚುವಾಗ ಬಟ್ಟೆ ಹರಿಯುತ್ತದೆ. ಕಂಪ್ಯೂಟರಿಗಾದರೂ ಅಷ್ಟೇ ತಾನೆ? ಈಗ ಇಷ್ಟಿರಲಿ, ಚಾಲೂ ಆದದ್ದು ನೋಡಿ ಆಮೇಲೆ ಒತ್ತಿದರಾಯಿತು ಎಂದು ಕೈ ತೆಗೆದೆ.

‘ಆತೇನು ಪಪ್ಪಾ?’

‘ಆತು.’

ಸಂಜೆ ನಾಲ್ಕರ ಹೊತ್ತಿಗೆ ಸ್ವಿಚ್ ಹಾಕಿದಳು. ದೀಪ ಹತ್ತಿದವು. ಫ್ಯಾನು ತಿರುಗಿದವು. ಟೇಬಲ್ಲಿನ ಮೇಲಿದ್ದ ಚಿಂದಿ, ದಾರದ ತುಣುಕು ಎಲ್ಲ ಹಾರಿದವು. ಹೆಂಡತಿ ಚಪ್ಪಾಳೆ ತಟ್ಟಿದಳು. ಆದರೆ ಎದುರಿಗಿದ್ದ ಪರದೆ ಕಪ್ಪಗೇ ಇತ್ತು. ಸಿಗ್ನಲ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿ ಅದೂ ಮಾಯವಾಯಿತು.

ಮಗಳು ಆರಿಸಿ ಮತ್ತೆ ಹಾಕಿದಳು. ಮತ್ತೆ ಅದೇ. ರ್ಯಾಮ್ ತೆಗೆದು ಹಾಕಿದಳು. ಗ್ರಾಫಿಕ್ಸ್ ಕಾರ್ಡ್ ತೆಗೆದು ಹಾಕಿದಳು. ಪರದೆಯ ವಾಯರ್ ಬದಲಿಸಿದಳು. ಫೋನಿನಲ್ಲಿ ವಿಡಿಯೋ ಹಚ್ಚಿ, ನಿಲ್ಲಿಸಿ, ನೋಡಿ, ಮತ್ತೆ ಬಿಚ್ಚಿದಳು. ಒಂದು ತಾಸು, ಒಂದೂವರೆ ತಾಸು. ಅವಳ ಕಿವಿ ಕೆಂಪಾಗಿದ್ದವು. ಶಟರು ಮುಟ್ಟಿ ಬರುವ ನಡಿಗೆ ನಿಧಾನವಾಗುತ್ತ ಹೋಯಿತು.

ನಾನು ಸುಮ್ಮನೆ ಇರಬಹುದಿತ್ತು. ಇರಲಿಲ್ಲ. ಮಶೀನಿನ ಖಾನೆಯಿಂದ ಆ ಗುಂಡಿ ಡಬ್ಬಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಚಾಷ್ಟಿಗೆ ಮಾಡಿದ್ದು. ವಾತಾವರಣ ಹಗುರಾಗಲಿ ಎಂದು.

ಮಗಳು ತಿರುಗಿ ನೋಡಲಿಲ್ಲ. ಸ್ಕ್ರೂಡ್ರೈವರನ್ನು ಟೇಬಲ್ಲಿನ ಮೇಲೆ ಇಟ್ಟು, ಕ್ಯಾಬಿನೆಟ್ಟಿನ ಗಾಜು ಮುಚ್ಚಿ, ‘ನಾಳೆ ರಾಣೆಬೆನ್ನೂರಿಗೆ ಒಯ್ಯೋಣು ಪಪ್ಪಾ’ ಎಂದು ಒಳಗೆ ಹೋದಳು.

‘ಶಾಣ್ಯಾರಾದ್ರಿ’ ಎಂದಳು ಹೆಂಡತಿ. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಖಾನೆಗೆ ಹಾಕಿ ಖಾನೆಯನ್ನು ಸ್ವಲ್ಪ ಜೋರಾಗಿಯೇ ಮುಚ್ಚಿದಳು.

ನನಗೆ ಬೇಕಾಗಿದ್ದೇ ಆಗಿತ್ತು. ರೆಡಿಮೇಡ್ ಬರುತ್ತದೆ, ವಾರಂಟಿ ಬರುತ್ತದೆ, ಹಿಡಿಯಲು ಒಂದು ಕೊರಳಪಟ್ಟಿ ಸಿಗುತ್ತದೆ. ಆದರೂ ಆ ರಾತ್ರಿ ಎರಡನೆಯ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಚಿಂತೆ ಮಾಡಲು ವಿಷಯ ಉಳಿಯದೇ ಹಾಗಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಹೆಂಡತಿಯ ತಮ್ಮನ ಗಾಡಿ ಹನ್ನೊಂದಕ್ಕೆ ಬರುವುದಿತ್ತು. ಮಗಳು ಖಾಲಿ ಡಬ್ಬಿಗಳನ್ನೆಲ್ಲ ಹರಡಿಕೊಂಡು, ಯಾವ ಸಾಮಾನು ಯಾವುದರಲ್ಲಿ ಬಂದಿತ್ತು ಎಂದು ಜೋಡಿಸುತ್ತ ಮೂಲೆಯಲ್ಲಿ ಕೂತಿದ್ದಳು. ಅಷ್ಟರಲ್ಲಿ ಕರ್ಜಗಿಯಿಂದ ಒಬ್ಬ ಮದುಮಗ ಕೋಟಿನ ಟ್ರಯಲ್ಲಿಗೆ ಬಂದ. ಜೊತೆಗೆ ಅವನ ತಂದೆ. ಕೋಟು ತೊಡಿಸಿದೆ. ಹುಡುಗ ಕನ್ನಡಿ ಮುಂದೆ ನಿಂತು ಕೈ ಎತ್ತಿದ. ತೋಳು ಹೆಗಲಿನಿಂದ ಬಿಟ್ಟುಕೊಂಡು ಬಾಯ್ತೆರೆಯಿತು.

ತಂದೆ ಗಾಬರಿಯಾದರು. ‘ಏನ್ ಮಾಸ್ತರ ಇದು, ತೋಳ ಕಿತ್ತ ಬರಾಕತ್ತೈತಲ್ರಿ! ಒಳಗ ಹಿಡಕೊಂಡ ಇಲ್ಲ!’

ಸಾವಿರ ಸಲ ಹೇಳಿದ ಉತ್ತರ ಬಾಯಿಗೆ ತಾನಾಗಿಯೇ ಬಂತು. ‘ಏನೂ ಆಗಿಲ್ರಿ. ಕಂಕಳ ಕಚ್ಚಾ ಐತಿ, ಇನ್ನೂ ಪಕ್ಕಾ ಹೊಡದಿಲ್ಲ. ಪಕ್ಕಾ ಹೊಡಿಯೂ ತನಕಾ ಅದು ಹಿಡಿಯಂಗಿಲ್ರಿ...’

ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣದಾಯಿತು. ಟೇಪು ಕೊರಳಿನಿಂದ ಜಾರಿ ಕೆಳಗೆ ಬಿತ್ತು. ನಾನು ಮೂಲೆಯಲ್ಲಿದ್ದ ಕ್ಯಾಬಿನೆಟ್ ನೋಡಿದೆ. ಕಂಕುಳಿನ ವಾಯರು. ಕಚ್ಚಾ. ಟ್ರಯಲ್ ಆಯಿತು, ಫೇಲಾಯಿತು, ಪಕ್ಕಾ ಹೊಡೆಯುವುದು ಮರೆತೇಹೋಗಿತ್ತು.

ಮೊದಲು ನನಗೆ ಹೊಳೆದ ಉಪಾಯವನ್ನು ಮುಚ್ಚಿಡುವುದಿಲ್ಲ. ಮಗಳು ಚಹಾಕ್ಕೆ ಒಳಗೆ ಹೋದಾಗ ಮೆಲ್ಲಗೆ ಗಾಜು ತೆಗೆದು, ಒತ್ತಿ, ಮುಚ್ಚಿಬಿಡುವುದು. ‘ಹೋಗೂಕಿಂತ ಮೊದಲ ಒಮ್ಮೆ ಹಚ್ಚಿ ನೋಡವಾ’ ಎಂದು ಹೇಳುವುದು. ಚಾಲೂ ಆದರೆ ಆಂಜನೇಯನ ದಯೆ. ಇದರಿಂದ ಯಾರಿಗೂ ನಷ್ಟವಿರಲಿಲ್ಲ, ನನ್ನ ಮುಖವೂ ಉಳಿಯುತ್ತಿತ್ತು. ಆದರೆ ಅವಳು ಚಹಾಕ್ಕೆ ಏಳಲಿಲ್ಲ. ಖಾಲಿ ಡಬ್ಬಿಯೊಳಗಿನ ಥರ್ಮಾಕೋಲಿನ ತುಣುಕುಗಳನ್ನು ಕೂಡ ಮೊದಲಿದ್ದಂತೆಯೇ ಹೊಂದಿಸಿ ಇಡುತ್ತಿದ್ದಳು, ಅಂಗಡಿಯವರು ಒಂದು ಮಾತು ಅನ್ನಬಾರದು ಎಂದು. ಅಷ್ಟು ಅಚ್ಚುಕಟ್ಟಾಗಿ ಸೋಲುವವರನ್ನು ನಾನು ನೋಡಿರಲಿಲ್ಲ.

ಕರ್ಜಗಿಯವರನ್ನು ಕೂಡ್ರಿಸಿ ಅವಳ ಹತ್ತಿರ ಹೋದೆ.

‘ಆ ಮ್ಯಾಲಿನ ಮೂಲ್ಯಾಗಿನ ವಾಯರ್ ಐತಲ್ಲವಾ, ಅದನ್ನ ಒಮ್ಮೆ ಒತ್ತಿ ನೋಡು.’

‘ಅದ್ಯಾಕ? ಅದು ಸರಿ ಐತಿ.’

‘ನೋಡೀಯೇನು ನೀ?’

‘ಇಲ್ಲ. ಅದನ್ನ ನೀ ಹಾಕೀದಿ ಅಂತ ನಾ ಮುಟ್ಟಲಿಲ್ಲ.’

ನಿನ್ನೆ ಒಂದೂವರೆ ತಾಸು ಅವಳು ತನ್ನ ಕೈಯಿಂದ ಆದ ಒಂದೊಂದು ಕೆಲಸವನ್ನೂ ಅನುಮಾನದಿಂದ ನೋಡಿ ಬಿಚ್ಚಿ ಹಾಕಿದ್ದಳು. ಅನುಮಾನ ಪಡದೆ ಬಿಟ್ಟದ್ದು ಒಂದನ್ನೇ.

‘ನಾ ಅದನ್ನ ಕಚ್ಚಾ ಹಾಕಿದ್ನಿ’ ಎಂದೆ.

‘ಏನು?’

‘ಅರ್ಧಾ. ಟ್ರಯಲ್ ನೋಡಿ ಆಮ್ಯಾಲ ಪಕ್ಕಾ ಮಾಡೂಣು ಅಂತ. ಬೋರ್ಡು ಒಡದೀತು ಅಂತ ಅಂಜಿಕಿ ಆತು.’

ಮಗಳು ಬೈದಿದ್ದರೆ ಒಳ್ಳೆಯದಿತ್ತು. ಎದ್ದು ಶಟರಿನ ಹತ್ತಿರ ಹೋಗಿ ಅದನ್ನು ಮುಟ್ಟಿ ಬಂದಳು. ಗಾಜು ತೆಗೆದಳು. ಮೂಲೆಗೆ ಕೈ ಇಳಿಸಿ ಒತ್ತಿದಳು.

ಟಕ್ ಎಂದಿತು. ಕರ್ಜಗಿಯವರಿಗೂ ಕೇಳಿತು.

ಸ್ವಿಚ್ ಹಾಕಿದಾಗ ಪರದೆಯ ಮೇಲೆ ಬೆಳ್ಳಗೆ ಅಕ್ಷರಗಳು ಸಾಲುಸಾಲಾಗಿ ಮೂಡಿದವು. ಮದುಮಗ ಒಂದು ತೋಳಿನ ಕೋಟಿನಲ್ಲೇ ಎದ್ದುಬಂದು ಮಗಳ ಹಿಂದೆ ನಿಂತು, ‘ಯಾವ ಗ್ರಾಫಿಕ್ಸ್ ಕಾರ್ಡ್ ರೀ ಅಕ್ಕಾರ?’ ಎಂದು ಕೇಳಿದ. ಅವನ ತಂದೆ, ‘ಮಾಸ್ತರ, ಅದೆಲ್ಲಾ ಆಗ್ಲಿ, ನಮ್ಮ ತೋಳು?’ ಎಂದರು. ಹೆಂಡತಿ ಕಾಜಾ ಹಾಕುವ ಸೂಜಿಯನ್ನು ಎತ್ತಿ ಹಿಡಿದು ನಗುವುದಕ್ಕೇ ಕೆಲಸ ನಿಲ್ಲಿಸಿದ್ದಳು.

‘ನಲವತ್ತ ವರ್ಷದ ಕೈ ನೋಡವಾ ಅದು’ ಎಂದಳು ಮಗಳಿಗೆ. ‘ಒಂದ ವಾಯರ್ ಹಾಕಾಕ ಕೊಟ್ಟಿದ್ದಿ, ಅದಕ್ಕೂ ಮುಂದಿನ ವಾರ ಬರ್ರಿ ಅಂದಾರ.’

ಹನ್ನೊಂದಕ್ಕೆ ಬಂದ ಹೆಂಡತಿಯ ತಮ್ಮ ಕ್ಯಾಬಿನೆಟ್ಟಿನ ತೆರೆದ ಬದಿಯಿಂದ ಒಳಗೆ ಮೊಣಕೈವರೆಗೆ ಕೈ ಹಾಕಲು ಹೋದ. ಮೂವರೂ ಒಟ್ಟಿಗೆ ಕೂಗಿ ತಡೆದೆವು. ಅವನ ಅಂಗಿಯಿಂದ ಎದ್ದ ಖಾರದ ಧೂಳನ್ನು ಫ್ಯಾನು ಎಳೆದುಕೊಂಡು ಅಂಗಡಿ ತುಂಬ ಬೀಸಿತು. ಹೊಸ ಕಂಪ್ಯೂಟರಿಗೆ ಮೊದಲ ಆರತಿ, ಕರ್ಜಗಿಯವರೂ ಸೇರಿ, ಅವನೊಬ್ಬನನ್ನು ಬಿಟ್ಟು, ಐದು ಜನರ ಸೀನಿನಿಂದಾಯಿತು.

ಎಲ್ಲರೂ ಹೋದ ಮೇಲೆ ಮಗಳು ನನ್ನ ಮುಂದೆ ಅಂಗೈ ಚಾಚಿ ನಿಂತಳು. ನಾನು ಡಬ್ಬಿ ತೆಗೆದು ಸ್ಕ್ರೂವನ್ನು ಅವಳ ಕೈಯಲ್ಲಿ ಹಾಕಿದೆ. ಹಾಕುವಾಗ, ಆ ಮೋಟರು ಇವತ್ತಿನವರೆಗೂ ನಿಂತಿಲ್ಲ ಎಂಬ ಮಾತನ್ನೂ ಹೇಳಿದೆ.

‘ಗೊತ್ತೈತಿ ಪಪ್ಪಾ’ ಎಂದಳು. ‘ದಿನಾ ಕೇಳಸ್ತೈತಿ.’

ಸ್ಕ್ರೂ ಏನು ಮಾಡಿದಳೋ ಗೊತ್ತಿಲ್ಲ, ಕೇಳಲಿಲ್ಲ. ಡಬ್ಬಿ ಖಾಲಿಯಾಯಿತು ಎಂದು ನಾನು ತಿಳಿದದ್ದು ಮಾತ್ರ ತಪ್ಪು. ಆ ವಾರ ಕರ್ಜಗಿಯ ಕೋಟಿಗೆ ಪಕ್ಕಾ ಹೊಡೆದು ಕಂಕುಳಿನ ಕಚ್ಚಾ ದಾರ ಕಿತ್ತಾಗ, ಹೆಂಡತಿ ಆ ಬಿಳಿ ದಾರವನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಅದೇ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದಳು. ಈಗ ನಾನು ಯಾರಿಗಾದರೂ ‘ಮೆತ್ತಗ, ಮೆತ್ತಗ’ ಎನ್ನಲು ಬಾಯಿ ತೆರೆದರೆ ಸಾಕು, ತಾಯಿಯೋ ಮಗಳೋ ಡಬ್ಬಿ ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ದಾರಕ್ಕೆ ಸದ್ದಿಲ್ಲ. ಆದರೂ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.